ಬ್ಯಾಂಕಿನ ಚಿಲ್ಲರೆ ರೋಲ್‌ಗಳಲ್ಲಿ ಬೆಳ್ಳಿ ಹುಡುಕುತ್ತಿದ್ದೇನೆ, ಬಲ್ಲವರು ದಾರಿ ಹೇಳಿ

ಅರಸೀಕೆರೆ ಕ್ಯಾಷಿಯರ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಅರಸೀಕೆರೆಯವನು. ಬ್ಯಾಂಕಿನಲ್ಲಿ 34 ವರ್ಷ ಕೆಲಸ ಮಾಡಿದೆ, ಅದರಲ್ಲಿ ಜಾಸ್ತಿ ಕಾಲ ಕ್ಯಾಷ್ ಕೌಂಟರ್‌ನಲ್ಲೇ. ಈಗ ಮಗಳ ಮನೆಯಲ್ಲಿದ್ದೇವೆ, ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್‌ನಲ್ಲಿ. ಆರು ತಿಂಗಳಿಗೆ ಬಂದದ್ದು, ಮೂರು ಕಳೆದಿದೆ. ಮಗಳು, ಅಳಿಯ ಬೆಳಿಗ್ಗೆ ಕೆಲಸಕ್ಕೆ ಕೂತರೆ ಸಂಜೆ ಏಳುತ್ತಾರೆ. ಮೊಮ್ಮಗ ಸ್ಕೂಲಿಗೆ ಹೋಗುತ್ತಾನೆ. ಹೊರಗೆ ಮೊಣಕಾಲುದ್ದ ಹಿಮ.

ಹೋದ ತಿಂಗಳು ಮೊಮ್ಮಗನ ಸ್ಕೂಲಿನಲ್ಲಿ ನೂರನೇ ದಿನದ ಹಬ್ಬ. ಯಾವುದಾದರೂ ವಸ್ತು ನೂರು ಎಣಿಸಿ ತರಬೇಕಂತೆ. ಮಗಳು ಬ್ಯಾಂಕಿನಿಂದ ಕಾಗದದಲ್ಲಿ ಸುತ್ತಿದ ಎರಡು ರೋಲ್ ಪೆನ್ನಿ (ಒಂದು ಸೆಂಟಿನ ನಾಣ್ಯ) ತಂದಳು. ಒಂದರಲ್ಲಿ 50. ಎಣಿಸುವ ಕೆಲಸ ನನಗೇ ಬಂತು. ಕಾಗದ ಹರಿದು ಮೇಜಿನ ಮೇಲೆ ಸುರಿದೆ, ಐದೈದರಂತೆ ಎಳೆಯುತ್ತಾ ಹೋದೆ. ಎಷ್ಟೋ ವರ್ಷದ ಮೇಲೆ ಬೆರಳಿಗೆ ಚಿಲ್ಲರೆಯ ವಾಸನೆ ಹತ್ತಿತು. ಎರಡನೇ ರೋಲ್‌ನಲ್ಲಿ ಒಂದು ಪೆನ್ನಿಯ ಹಿಂಬದಿ ಬೇರೆ ಥರ ಇತ್ತು. ಕಟ್ಟಡದ ಬದಲು ಎರಡು ಗೋಧಿ ತೆನೆ. ಇಸವಿ 1951. ನಾನು ಹುಟ್ಟುವುದಕ್ಕಿಂತ ಮುಂಚಿನ ನಾಣ್ಯ ಇನ್ನೂ ಬ್ಯಾಂಕಿನಲ್ಲಿ ಓಡಾಡುತ್ತಿದೆ ಅಂದರೆ ನನಗೆ ನಂಬುವುದಕ್ಕೇ ಆಗಲಿಲ್ಲ.

ಆಮೇಲೆ ಅಳಿಯ ಹೇಳಿದ, ಇಲ್ಲಿ ರೋಲ್ ತಂದು ಬೆಳ್ಳಿ ನಾಣ್ಯ ಹುಡುಕುವವರು ತುಂಬಾ ಜನ ಇದ್ದಾರೆ ಅಂತ. ಮರುವಾರ ಹತ್ತು ರೋಲ್ ನಿಕಲ್ (ಐದು ಸೆಂಟಿನ ನಾಣ್ಯ), ಹತ್ತು ರೋಲ್ ಡೈಮ್ (ಹತ್ತು ಸೆಂಟಿನದ್ದು) ತರಿಸಿದೆ. 500 ಡೈಮ್‌ಗಳಲ್ಲಿ ಏನೂ ಸಿಗಲಿಲ್ಲ. 400 ನಿಕಲ್‌ಗಳಲ್ಲಿ ಒಂದು ಮಾತ್ರ ಕಣ್ಣಿಗೆ ಬಿತ್ತು. ಉಳಿದವುಗಳ ನಡುವೆ ಅದೊಂದೇ ಮಸುಕಾಗಿ, ಜಿಡ್ಡು ಹಿಡಿದ ದೀಪದ ಹಾಗೆ ಕಂಡಿತು. 1943. ಹಿಂಬದಿಯ ಗುಮ್ಮಟದ ಮೇಲೆ ದೊಡ್ಡದಾಗಿ 'ಪಿ' ಅಕ್ಷರ. ಇದರಲ್ಲಿ ಬೆಳ್ಳಿ ಇದೆಯಾ? ನನ್ನಾಕೆ ಹುಣಸೆಹಣ್ಣು ಹಾಕಿ ತಿಕ್ಕಿಕೊಡುತ್ತೇನೆ ಅಂತ ಕಾಯುತ್ತಿದ್ದಾಳೆ, ಸದ್ಯಕ್ಕೆ ತಡೆದಿದ್ದೇನೆ.

ನನಗೆ ತಿಳಿಯಬೇಕಾದ್ದು ಇಷ್ಟು. ಯಾವ ನಾಣ್ಯದ ರೋಲ್ ತಂದರೆ ಬೆಳ್ಳಿ ಸಿಗುವ ಸಾಧ್ಯತೆ ಹೆಚ್ಚು? ಎರಡು ಕಣ್ಣಿಗೂ ಪೊರೆಯ ಆಪರೇಷನ್ ಆಗಿದೆ, ಒಂದೊಂದೇ ಇಸವಿ ಓದುತ್ತಾ ಕೂತರೆ ಕಣ್ಣು ಸೋಲುತ್ತದೆ. ನೋಡಿದ ಕೂಡಲೇ ಗುರುತಿಸುವ ದಾರಿ ಇದೆಯಾ? ಇನ್ನು, ನೋಡಿ ಆದ ಚಿಲ್ಲರೆಯನ್ನು ಅದೇ ಬ್ಯಾಂಕಿಗೆ ಕೊಡುವುದಕ್ಕೆ ಮಗಳಿಗೆ ಸಂಕೋಚ. ಕೌಂಟರ್‌ನ ಆ ಕಡೆ ಕೂತವನಾದ್ದರಿಂದ ನನಗೂ ಅದು ಅರ್ಥವಾಗುತ್ತದೆ. ನೀವೆಲ್ಲ ಏನು ಮಾಡುತ್ತೀರಿ?

ಕ್ಲೀವ್‌ಲ್ಯಾಂಡ್ ಗಿರಿ ಬರೆದದ್ದು:

ಸರ್, ನಮಸ್ಕಾರ. ಹುಣಸೆಹಣ್ಣು ತಡೆದದ್ದು ಒಳ್ಳೆಯದಾಯಿತು. ಯಾವ ನಾಣ್ಯವನ್ನೂ ತಿಕ್ಕಬೇಡಿ, ತೊಳೆಯಲೂ ಬೇಡಿ. ತಿಕ್ಕಿದ ಗೀರು ಭೂತಗನ್ನಡಿಯಲ್ಲಿ ತಕ್ಷಣ ಕಾಣುತ್ತದೆ, ಸಂಗ್ರಾಹಕರು ಅಂಥದ್ದನ್ನು ಮುಟ್ಟುವುದಿಲ್ಲ.

ನಿಮಗೆ ಸಿಕ್ಕಿದ್ದು ಬೆಳ್ಳಿಯದೇ. ಇದಕ್ಕೆ ವಾರ್ ನಿಕಲ್ ಅಂತಾರೆ. ಎರಡನೇ ಮಹಾಯುದ್ಧಕ್ಕೆ ನಿಕಲ್ ಲೋಹ ಬೇಕಾಯಿತು. ಹಾಗಾಗಿ 1942ರ ಅಕ್ಟೋಬರ್‌ನಿಂದ 1945ರವರೆಗೆ ಐದು ಸೆಂಟಿನ ನಾಣ್ಯವನ್ನು ತಾಮ್ರ 56, ಬೆಳ್ಳಿ 35, ಮ್ಯಾಂಗನೀಸ್ 9 ಭಾಗ ಸೇರಿಸಿ ಮಾಡಿದರು. ನೀವು ಹೇಳಿದ ಜಿಡ್ಡಿನ ಬಣ್ಣ ಆ ಬೆರಕೆಯದು. ಮುಂದೆ ಬೇರ್ಪಡಿಸುವುದಕ್ಕೆ ಸುಲಭವಾಗಲಿ ಅಂತ ಗುಮ್ಮಟದ ಮೇಲೆ ದೊಡ್ಡ ಅಕ್ಷರ ಒತ್ತಿದರು. ಫಿಲಡೆಲ್ಫಿಯಾ ಟಂಕಸಾಲೆಯ 'ಪಿ' ಅಕ್ಷರ ಅಮೆರಿಕದ ನಾಣ್ಯದ ಮೇಲೆ ಬಂದದ್ದು ಅದೇ ಮೊದಲು. ನಿಮ್ಮ ನಾಣ್ಯದಲ್ಲಿ 1.75 ಗ್ರಾಂ ಬೆಳ್ಳಿ ಇದೆ. 400ಕ್ಕೆ ಒಂದು ಬಂತು ಅಂದರೆ ಚೆನ್ನಾಗೇ ಬಂತು ಸರ್.

ಈಗ ಮುಖ್ಯ ವಿಷಯ. ನೀವು ಹಾಫ್ ಡಾಲರ್ ಹಿಡಿಯಿರಿ. 1964ರವರೆಗೆ ಇಲ್ಲಿನ ಡೈಮ್, ಕ್ವಾರ್ಟರ್ (25 ಸೆಂಟ್), ಹಾಫ್ (50 ಸೆಂಟ್) ಮೂರರಲ್ಲೂ ನೂರಕ್ಕೆ 90 ಬೆಳ್ಳಿ. ಬೆಳ್ಳಿಯ ಬೆಲೆ ಏರಿ, ಚಿಲ್ಲರೆ ಅಭಾವವೂ ಆಗಿ, 1965ರ ಜುಲೈಯಲ್ಲಿ ಕಾನೂನು ಬದಲಾಯಿಸಿದರು. ಡೈಮ್, ಕ್ವಾರ್ಟರ್‌ನಲ್ಲಿ ಬೆಳ್ಳಿ ಪೂರ್ತಿ ಹೋಯಿತು. ಹಾಫ್‌ನಲ್ಲಿ ಮಾತ್ರ 1965ರಿಂದ 1970ರವರೆಗೆ ನೂರಕ್ಕೆ 40 ಉಳಿಸಿದರು. 1971ರಿಂದ ಚಲಾವಣೆಯ ಹಾಫ್‌ನಲ್ಲೂ ಇಲ್ಲ.

ಡೈಮ್, ಕ್ವಾರ್ಟರ್ ದಿನಾ ಕೈಯಿಂದ ಕೈಗೆ ಹೋಗುವ ನಾಣ್ಯ. ಅದರ ಬೆಳ್ಳಿಯನ್ನು ಆಗಿನ ಜನವೇ ಆರಿಸಿಕೊಂಡುಬಿಟ್ಟರು. ಹಾಫ್‌ನ ಕತೆ ಬೇರೆ. ಅಧ್ಯಕ್ಷ ಕೆನಡಿ ತೀರಿಕೊಂಡದ್ದು 1963ರ ನವೆಂಬರ್, ಅವರ ಮುಖದ ನಾಣ್ಯ ಬಂದದ್ದು 1964ರಲ್ಲಿ. ಆ ಇಸವಿಯ ಹಾಫ್ 42 ಕೋಟಿಗೂ ಹೆಚ್ಚು ಮಾಡಿದರು, ಆದರೂ ಅಂಗಡಿಯಲ್ಲಿ ಕಾಣಲಿಲ್ಲ. ಜನ ನೆನಪಿಗೆ ಅಂತ ಎತ್ತಿಟ್ಟರು. ಡಬ್ಬಿಯಲ್ಲಿ, ಬೀರುವಿನಲ್ಲಿ ಉಳಿದ ಆ ನಾಣ್ಯಗಳು ಮನೆಯ ಹಿರಿಯರು ಹೋದ ಮೇಲೆ ಒಂದು ದಿನ ಬ್ಯಾಂಕಿಗೆ ಬರುತ್ತವೆ. ಮಕ್ಕಳು ಇಸವಿ ನೋಡುವುದಿಲ್ಲ, ಮುಖಬೆಲೆಗೆ ಕೊಟ್ಟು ಹೋಗುತ್ತಾರೆ. 40ರ ಹಾಫ್ ಇನ್ನೂ ಜಾಸ್ತಿ ತಪ್ಪಿಸಿಕೊಳ್ಳುತ್ತದೆ. '1964ರವರೆಗೆ ಬೆಳ್ಳಿ' ಅನ್ನುವುದಷ್ಟೇ ಹೆಚ್ಚಿನವರಿಗೆ ಗೊತ್ತು.

ತೂಕ ಹೇಳುತ್ತೇನೆ, ನಿಮಗೆ ಲೆಕ್ಕ ಸುಲಭ. 90ರ ಹಾಫ್ 12.5 ಗ್ರಾಂ, ಅದರಲ್ಲಿ ಬೆಳ್ಳಿ 11.25. 40ರದ್ದು 11.5 ಗ್ರಾಂ, ಬೆಳ್ಳಿ 4.6. ಈಗಿನದ್ದು 11.34 ಗ್ರಾಂ, ಬೆಳ್ಳಿ ಇಲ್ಲ. ಒಂದು ರೋಲ್‌ನಲ್ಲಿ 20 ಹಾಫ್, ಬಾಕ್ಸ್‌ನಲ್ಲಿ 50 ರೋಲ್, ಬೆಲೆ 500 ಡಾಲರ್. ಬಾಕ್ಸ್ ಹನ್ನೊಂದು ಕಿಲೋ ದಾಟುತ್ತದೆ, ನೀವು ಎತ್ತಬೇಡಿ. ಅಳಿಯನಿಗೆ ಹೇಳಿ.

ಕಣ್ಣಿಗೆ ಆಯಾಸ ಆಗದ ದಾರಿ ಅಂದರೆ ಅಂಚು. ರೋಲ್‌ನ ಕಾಗದ ಉದ್ದಕ್ಕೆ ಸೀಳಿ, ನಾಣ್ಯಗಳನ್ನು ಸಾಲಾಗಿ ಮಲಗಿಸಿ, ಬದಿಯಿಂದ ನೋಡಿ. ಈಗಿನ ನಾಣ್ಯದ ಅಂಚಿನಲ್ಲಿ ತಾಮ್ರದ ಕಂದು ಗೆರೆ ಎದ್ದು ಕಾಣುತ್ತದೆ. 90ರದ್ದು ಪೂರ್ತಿ ಬಿಳಿ. 40ರದ್ದೇ ಮೋಸ ಮಾಡುವುದು: ಬೂದು ಬಣ್ಣ, ಕೆಲವೊಮ್ಮೆ ತೆಳು ಕಂದು. ಗೊತ್ತಿರುವ ಒಂದು 40ರ ನಾಣ್ಯ ಪಕ್ಕದಲ್ಲಿಟ್ಟುಕೊಂಡು ಹೋಲಿಸಿ. ಅನುಮಾನ ಬಂದದ್ದರ ಇಸವಿ ಮಾತ್ರ ಓದಿದರೆ ಸಾಕು.

ಆದರೆ ಅಂಚು ನೋಡಿದರೆ ಬೆಳ್ಳಿ ಮಾತ್ರ ಸಿಗುತ್ತದೆ. ಮುಖವನ್ನೂ ಒಂದು ಸಲ ನೋಡಿ. ಕನ್ನಡಿಯ ಹಾಗೆ ಹೊಳೆದರೆ, 'ಎಸ್' ಅಕ್ಷರ ಇದ್ದರೆ, ಅದು ಪ್ರೂಫ್, ಸಂಗ್ರಾಹಕರಿಗೆ ಅಂತಲೇ ಮಾಡಿದ್ದು. 1987ರ ಹಾಫ್ ಚಲಾವಣೆಗೆ ಬಿಡಲೇ ಇಲ್ಲ, ಸಂಗ್ರಾಹಕರ ಸೆಟ್‌ಗಳಲ್ಲಿ ಮಾತ್ರ ಕೊಟ್ಟರು. 2002ರಿಂದ 2020ರವರೆಗಿನದ್ದೂ ಸಂಗ್ರಾಹಕರಿಗೆ ಮಾತ್ರ ಮಾರಿದ್ದು. ಇನ್ನೊಂದು ಅಪರೂಪದ್ದು 1970ರ 'ಡಿ' (ಡೆನ್ವರ್ ಟಂಕಸಾಲೆಯ ಅಕ್ಷರ), ಅದೂ ಸೆಟ್‌ನಲ್ಲಿ ಮಾತ್ರ ಬಂದದ್ದು, ಬೆಳ್ಳಿಯೂ ಇದೆ. 1776–1976 ಅಂತ ಎರಡು ಇಸವಿ ಇರುವುದನ್ನು ಕಂಡು ಹೊಸಬರು ಹಿಗ್ಗುತ್ತಾರೆ. ರೋಲ್‌ನಲ್ಲಿ ಸಿಗುವುದೆಲ್ಲ ಹೆಚ್ಚುಕಡಿಮೆ ಸಾಮಾನ್ಯದ್ದೇ. 40ರ ಬೆಳ್ಳಿಯಲ್ಲಿ ಮಾಡಿದವಕ್ಕೆ 'ಎಸ್' ಅಕ್ಷರ ಇರುತ್ತದೆ.

ಇನ್ನು ನಾನು ಎಂಟು ವರ್ಷದಲ್ಲಿ ಕಲಿತದ್ದು. ಮೊದಲ ಮೂರು ವರ್ಷ ವಾರಕ್ಕೆರಡು ಬಾಕ್ಸ್ ತೆಗೆಯುತ್ತಿದ್ದೆ. ಎಲ್ಲ ನೋಟ್‌ಬುಕ್ಕಿನಲ್ಲಿ ಬರೆದಿದ್ದೇನೆ. ನನ್ನ ದೊಡ್ಡ ಸಿಕ್ಕುಗಳು ಯಾವುವೂ ಬಾಕ್ಸ್‌ನಿಂದ ಬಂದದ್ದಲ್ಲ. ಬಾಕ್ಸ್ ಅಂದರೆ ಮಷಿನ್ ಸುತ್ತಿದ್ದು, ಅದರಲ್ಲಿ ನನ್ನಂಥವರು ನೋಡಿ ವಾಪಸ್ ಕೊಟ್ಟ ನಾಣ್ಯವೇ ತುಂಬಿರುತ್ತದೆ. ನೀವು ಕೇಳಬೇಕಾದ್ದು ಗ್ರಾಹಕರು ಕೈಯಲ್ಲಿ ಸುತ್ತಿ ತಂದ ರೋಲ್, ಟೆಲ್ಲರ್‌ನ (ಇಲ್ಲಿನ ಕ್ಯಾಷಿಯರ್) ಡ್ರಾಯರ್‌ನಲ್ಲಿ ಬಿಡಿಯಾಗಿ ಬಿದ್ದಿರುವ ಹಾಫ್. ಯಾವ ಶಾಖೆಗೆ ಹೋದರೂ 'ಹಾಫ್ ಏನಾದರೂ ಇದೆಯಾ' ಅಂತ ಒಂದು ಮಾತು ಕೇಳಿ. ಪಾರ್ಮಾ ಊರಿನ ಶಾಖೆಯೊಂದರಲ್ಲಿ ಒಂದು ಶುಕ್ರವಾರ ಹಾಗೇ ಕೇಳಿದೆ. ಟೆಲ್ಲರಮ್ಮ ಕೆಳಗಿನಿಂದ ಮೂರು ರೋಲ್ ತೆಗೆದರು. ಕಾಗದ ಹಳದಿಯಾಗಿತ್ತು, ಮೇಲೆ ಯಾರೋ ಶಾಯಿಯಲ್ಲಿ '10.00' ಅಂತ ದುಂಡಗೆ ಬರೆದಿದ್ದರು. 30 ಡಾಲರ್ ಕೊಟ್ಟು ಕಾರಿನಲ್ಲೇ ಬಿಚ್ಚಿದೆ. ಎರಡರಲ್ಲಿ ಪೂರ್ತಿ 1964. ಮೂರನೆಯದರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಮುಖದ ಹಾಫ್‌ಗಳು, 1948ರಿಂದ 1963ರ ನಡುವಿನವು. ಅರವತ್ತಕ್ಕೆ ಅರವತ್ತೂ ಬೆಳ್ಳಿ. ಆ ಬರಹದ ಕಾಗದ ಇವತ್ತಿಗೂ ನನ್ನ ಹತ್ತಿರ ಇದೆ.

ವಾಪಸ್ ಕೊಡುವ ವಿಷಯ. ತಂದ ಶಾಖೆಗೆ ಕೊಡಬೇಡಿ. ಅವರಿಗೂ ಕೆಲಸ, ನಿಮಗೂ ಅದೇ ನಾಣ್ಯ ತಿರುಗಿ ಬರುತ್ತದೆ. ಖಾತೆ ಇರುವ ಬೇರೆ ಬ್ಯಾಂಕಿನಲ್ಲಿ ಎಣಿಸುವ ಮಷಿನ್ ಇದ್ದರೆ ಅಲ್ಲಿ ಸುರಿಯಿರಿ. ಇಲ್ಲವಾದರೆ ಖಾಲಿ ಕಾಗದ ಕೇಳಿ, ಸರಿಯಾಗಿ ಎಣಿಸಿ ಸುತ್ತಿ ಕೊಡಿ. ನಾನು ಸುತ್ತಿದ ರೋಲ್‌ನ ತುದಿಯಲ್ಲಿ ಹಸಿರು ಚುಕ್ಕೆ ಇಡುತ್ತೇನೆ. ಮತ್ತೆ ಕೈಗೆ ಬಂದರೆ ಬಿಚ್ಚುವುದೇ ಬೇಡ ಅಂತ ಗೊತ್ತಾಗುತ್ತದೆ.

ಬ್ರ್ಯಾಂಪ್ಟನ್ ಸುಧಾ ಬರೆದದ್ದು:

ನಾನು ಕೆನಡಾದಲ್ಲಿ ಇದನ್ನೇ ಮಾಡುತ್ತೇನೆ. ನಿಮ್ಮ ಡೈಮ್ ರೋಲ್‌ನಲ್ಲಿ ರಾಣಿಯ ಮುಖದ ನಾಣ್ಯ ಬಂದರೆ ಬೇಜಾರಾಗಿ ಪಕ್ಕಕ್ಕೆ ತಳ್ಳಬೇಡಿ ಸರ್. ಗಡಿ ದಾಟಿ ಬಂದ ನಮ್ಮ ನಾಣ್ಯ ಅದು. ನಮ್ಮ ಡೈಮ್, ಕ್ವಾರ್ಟರ್‌ನಲ್ಲಿ 1966ರವರೆಗೆ ನೂರಕ್ಕೆ 80 ಬೆಳ್ಳಿ. 1967ರಲ್ಲಿ 80ರದ್ದೂ ಇದೆ, 50ರದ್ದೂ ಇದೆ. 1968ರಲ್ಲಿ ಕೆಲವು 50ರವು, ಉಳಿದವು ನಿಕಲ್ ಲೋಹದವು.

ನಮಗೆ ಅಂಚು ನೋಡುವ ಕಷ್ಟವೇ ಇಲ್ಲ, ಅಯಸ್ಕಾಂತ ಸಾಕು. 1968ರ ನಂತರದ ನಿಕಲ್ ನಾಣ್ಯವೂ ಅಂಟುತ್ತದೆ, 2000ದ ಆಸುಪಾಸಿನಿಂದ ಬಂದ ಉಕ್ಕಿನದ್ದೂ ಅಂಟುತ್ತದೆ. ಬೆಳ್ಳಿ ಅಂಟುವುದಿಲ್ಲ. ನಾನು ಹಪ್ಪಳ ಒಣಗಿಸುವ ತಟ್ಟೆಯಲ್ಲಿ ಡೈಮ್ ಹರಡಿ, ಮೇಲಿಂದ ಅಯಸ್ಕಾಂತ ಆಡಿಸುತ್ತೇನೆ. ತಟ್ಟೆಯಲ್ಲಿ ಉಳಿದದ್ದನ್ನು ಮಾತ್ರ ಕೈಗೆತ್ತಿಕೊಳ್ಳುವುದು. ಅದರಲ್ಲಿ ಅರ್ಧ ನಿಮ್ಮ ಅಮೆರಿಕದ ಡೈಮ್‌ಗಳೇ ಇರುತ್ತವೆ, ಅವೂ ಅಂಟುವುದಿಲ್ಲವಲ್ಲ. ಹೋದ ಚಳಿಗಾಲ ಉಳಿದದ್ದರಲ್ಲಿ 1967ರದ್ದೊಂದು ಸಿಕ್ಕಿತು. ದೇಶಕ್ಕೆ ನೂರು ವರ್ಷ ಆದ ನೆನಪಿಗೆ ಆ ವರ್ಷ ಡೈಮ್ ಮೇಲೆ ಹಡಗಿನ ಬದಲು ಮೀನು ಇಟ್ಟಿದ್ದರು. ಮೀನಿನ ಬೆನ್ನ ಮೇಲಿನ ಪಟ್ಟೆ ಕೂಡ ಸವೆದಿರಲಿಲ್ಲ. ಅದನ್ನು ಯಾರಿಗೂ ಕೊಡುವುದಿಲ್ಲ.

ಬಸವನಗುಡಿ ನಾಣ್ಯಪ್ರಿಯ ಬರೆದದ್ದು:

ಊರಿಗೆ ಬಂದ ಮೇಲೆ ಈ ಅಭ್ಯಾಸ ಬಿಡಬೇಡಿ ಸರ್. ನಮ್ಮಲ್ಲಿ ಬ್ಯಾಂಕಿನ ಚಿಲ್ಲರೆಯಲ್ಲಿ ಬೆಳ್ಳಿ ಸಿಗುವುದಿಲ್ಲ, ಅದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ರೂಪಾಯಿಯ ಬೆಳ್ಳಿಯನ್ನು 1940ರಲ್ಲೇ ಅರ್ಧಕ್ಕಿಳಿಸಿ, 1947ರಲ್ಲಿ ನಿಕಲ್ ಮಾಡಿದರು. ಆದರೆ ಇಸವಿಯ ಕೆಳಗಿನ ಗುರುತು ನೋಡಿ. ವಜ್ರದಾಕಾರ ಮುಂಬೈ, ನಕ್ಷತ್ರ ಹೈದರಾಬಾದ್, ಚುಕ್ಕೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ. ಒಂದೇ ನಾಣ್ಯವನ್ನು ನಾಲ್ಕೂ ಟಂಕಸಾಲೆಯಿಂದ, ಎಲ್ಲ ಇಸವಿಯಲ್ಲೂ ಸೇರಿಸುವುದಕ್ಕೆ ಕೂತರೆ ವರ್ಷಗಟ್ಟಲೆ ಕೆಲಸ ಇದೆ. ನಾನು ಎರಡು ರೂಪಾಯಿಯಲ್ಲಿ ಸೇರಿಸುತ್ತಿದ್ದೇನೆ, ತರಕಾರಿ ಅಂಗಡಿಯ ಚಿಲ್ಲರೆಯೇ ನನ್ನ ಗಣಿ.

ಅರಸೀಕೆರೆ ಕ್ಯಾಷಿಯರ್ ಬರೆದದ್ದು:

ಗಿರಿಯವರೇ, ಸುಧಾ ತಂಗಿ, ಬಸವನಗುಡಿಯವರೇ, ಎಲ್ಲರಿಗೂ ಕೃತಜ್ಞತೆ. ಎರಡು ವಾರದ ವರದಿ ಕೊಡುತ್ತೇನೆ.

ಮಗಳ ಬ್ಯಾಂಕಿನಲ್ಲಿ ಒಂದು ಬಾಕ್ಸ್ ಹಾಫ್ ಬೇಕು ಅಂತ ಹೇಳಿದೆವು. ಆರು ದಿನ ಬೇಕಾಯಿತು. ತರಲು ನಾನೂ ಹೋದೆ. ಟೆಲ್ಲರ್ ಹುಡುಗಿಗೆ ಮಗಳು, ನಮ್ಮಪ್ಪನೂ ಇಂಡಿಯಾದಲ್ಲಿ ಕ್ಯಾಷಿಯರ್ ಆಗಿದ್ದವರು ಅಂದಳು. ಆ ಹುಡುಗಿ ಎದ್ದು ನಿಂತು ಕೈ ಕುಲುಕಿತು. ದಿನದ ಕೊನೆಯಲ್ಲಿ ಲೆಕ್ಕ ತಾಳೆಯಾಗದಿದ್ದರೆ ಅಲ್ಲೂ ಮನೆಗೆ ಬಿಡುವುದಿಲ್ಲವಾ ಅಂತ ಕೇಳಿತು. ಇಲ್ಲಮ್ಮ, ನಮ್ಮಲ್ಲೂ ಹಾಗೇ, ಐದು ರೂಪಾಯಿ ವ್ಯತ್ಯಾಸಕ್ಕೆ ರಾತ್ರಿ ಎಂಟರವರೆಗೆ ಕೂತಿದ್ದೇನೆ ಅಂದೆ. ಮಗಳು ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಗಿರಿಯವರು ಹೇಳಿಕೊಟ್ಟಂತೆ ಬಿಡಿ ಹಾಫ್ ಇದೆಯಾ ಅಂತ ಕೇಳಿದೆ. ಡ್ರಾಯರ್‌ನ ಹಿಂದಿನ ಮೂಲೆಯಿಂದ 11 ನಾಣ್ಯ ಬಂದವು. ಐದೂವರೆ ಡಾಲರ್ ಕೊಟ್ಟೆ.

ಮನೆಗೆ ಬಂದು ಮೊದಲು ಆ ಹನ್ನೊಂದನ್ನೇ ಸಾಲಾಗಿ ಮಲಗಿಸಿದೆ. ಒಂಬತ್ತರಲ್ಲಿ ಕಂದು ಗೆರೆ. ಎರಡರಲ್ಲಿ ಗೆರೆಯೇ ಇಲ್ಲ, ಈ ಕಡೆಯಿಂದ ಆ ಕಡೆಗೆ ಒಂದೇ ಬಿಳಿ. ಎರಡೂ 1964. ಒಂದನ್ನು ಬೆರಳ ತುದಿಯ ಮೇಲೆ ನಿಲ್ಲಿಸಿ, ಇನ್ನೊಂದರಿಂದ ಮೆಲ್ಲಗೆ ತಟ್ಟಿದೆ. ಆ ಸದ್ದು ನನಗೆ ಗೊತ್ತಿತ್ತು. ನಮ್ಮಜ್ಜಿ ಲಕ್ಷ್ಮೀಪೂಜೆಗೆ ಕಳಶದ ಪಕ್ಕ ಐದನೇ ಜಾರ್ಜನ ರೂಪಾಯಿಗಳನ್ನು ಇಡುತ್ತಿದ್ದರು. ಸಾಣೆಕಲ್ಲಿನ ಮೇಲೆ ಒಂದೊಂದನ್ನೇ ತಟ್ಟಿ, ಸದ್ದು ಕೇಳಿ, ಆಮೇಲೆ ತಟ್ಟೆಗೆ ಹಾಕುತ್ತಿದ್ದರು. ಆ ರೂಪಾಯಿ ಸರಿಯಾಗಿ ಒಂದು ತೊಲ, 11.66 ಗ್ರಾಂ. ಈ ಹಾಫ್ ಅದಕ್ಕಿಂತ ಚೂರು ಭಾರ. ಕೈಯಲ್ಲಿ ಹಿಡಿದರೆ ಅಂಥದ್ದೇ ತೂಕ, ತಟ್ಟಿದರೆ ಅಂಥದ್ದೇ ಉದ್ದನೆಯ ಠಣ್. ಈಗಿನ ಹಾಫ್ ತಟ್ಟಿ ನೋಡಿದೆ, ಸದ್ದು ಅಲ್ಲೇ ಸತ್ತುಹೋಗುತ್ತದೆ. ನನ್ನಾಕೆ ಅಡುಗೆ ಬಿಟ್ಟು ಬಂದು, ಇನ್ನೊಂದು ಸಲ ತಟ್ಟಿ ಅಂದಳು.

ಬಾಕ್ಸ್ ನೋಡಲು ಮೂರು ಮಧ್ಯಾಹ್ನ ಹಿಡಿಯಿತು. ದಿನಕ್ಕೆ ಹದಿನಾರು ಹದಿನೇಳು ರೋಲ್, ಅದಕ್ಕಿಂತ ಜಾಸ್ತಿ ಕೂರುವುದಿಲ್ಲ. ಮೊದಲ 22 ರೋಲ್‌ನಲ್ಲಿ ಏನೂ ಇಲ್ಲ. 23ನೆಯದರಲ್ಲಿ 1967ರದ್ದು ಎರಡು ಒಟ್ಟಿಗೆ. ನೀವು ಹೇಳಿದಂತೆ ಬೂದು ಅಂಚು. ಮೊದಲ ಸಲ ಬಿಟ್ಟೇಬಿಟ್ಟಿದ್ದೆ, ಪಕ್ಕದಲ್ಲಿದ್ದ ಮೊಮ್ಮಗ 'ತಾತ, ಇದರ ಗೆರೆ ತೆಳು' ಅಂದ. ಕೊನೆಗೆ 1968ರದ್ದು ಒಂದು, 1969ರದ್ದು ಎರಡು ಸೇರಿ ಬಾಕ್ಸ್‌ನಿಂದ 40ರದ್ದು ಐದಾದವು. 90ರದ್ದು ಒಂದೂ ಇಲ್ಲ. ಒಂದು ರೋಲ್‌ನಲ್ಲಿ 21 ನಾಣ್ಯ ಇತ್ತು. ಇನ್ನೊಂದು ರೋಲ್‌ನಲ್ಲಿ 19. ಲೆಕ್ಕ ಸರಿಹೋಯಿತು, ಇಲ್ಲದಿದ್ದರೆ ನನಗೆ ಆ ರಾತ್ರಿ ನಿದ್ದೆ ಬರುತ್ತಿರಲಿಲ್ಲ.

ಒಟ್ಟು ಏಳು ನಾಣ್ಯ, ಮೂರೂವರೆ ಡಾಲರ್ ಮುಖಬೆಲೆ, ಬೆಳ್ಳಿ 45.5 ಗ್ರಾಂ. ನಾಲ್ಕು ತೊಲಕ್ಕೆ ಒಂದು ಗ್ರಾಂ ಚಿಲ್ಲರೆ ಕಡಿಮೆ. ಉಳಿದ 995ನ್ನು ನಾನೇ ಸುತ್ತಿದೆ, ಬೇರೆ ಬ್ಯಾಂಕಿಗೆ ಅಳಿಯ ಕೊಟ್ಟು ಬಂದ. ಹಸಿರು ಚುಕ್ಕೆ ನಿಮ್ಮದು ಅಂತ ನಾನು ನೀಲಿ ಇಟ್ಟಿದ್ದೇನೆ. ಕ್ಲೀವ್‌ಲ್ಯಾಂಡ್ ಕಡೆ ಬಂದರೆ ಬಿಚ್ಚಬೇಡಿ.

ಒಂದು ಸಂಶಯ. ಬಾಕ್ಸ್‌ನಲ್ಲಿ ಕನ್ನಡಿಯ ಹಾಗೆ ಹೊಳೆಯುವ 'ಎಸ್' ಒಂದು ಬಂದಿತ್ತು, ಅದನ್ನೂ ಎತ್ತಿಟ್ಟೆ. 1979ರದ್ದು. ಅಂಚಿನಲ್ಲಿ ಕಂದು ಗೆರೆ ಇದೆ. ನೋಡುವ ಖುಷಿಯಲ್ಲಿ ಮುಖದ ಮೇಲೆ ನನ್ನ ಹೆಬ್ಬೆರಳು ಒತ್ತಿದೆ, ಗುರುತು ಕಾಣುತ್ತಿದೆ. ಮೆತ್ತನೆ ಬಟ್ಟೆಯಲ್ಲಿ ಒರೆಸಬಹುದಾ?

ಕ್ಲೀವ್‌ಲ್ಯಾಂಡ್ ಗಿರಿ ಬರೆದದ್ದು:

ಹಾಗಾದರೆ ವಾಪಸ್ ಹೋದದ್ದು 994, ಅಲ್ವಾ ಸರ್?

ಒರೆಸಬೇಡಿ. ಮೆತ್ತನೆ ಬಟ್ಟೆಯೂ ಕನ್ನಡಿ ಮೈಮೇಲೆ ಕೂದಲೆಳೆಯ ಗೀರು ಬಿಡುತ್ತದೆ. 1979ರ ಪ್ರೂಫ್‌ನಲ್ಲಿ ಬೆಳ್ಳಿ ಇಲ್ಲ, ದೊಡ್ಡ ಬೆಲೆಯದ್ದೂ ಅಲ್ಲ, ಆದರೆ ನಿಮ್ಮ ಮೊದಲನೆಯದು. ಮುಂದಿನ ಸಲ ಅಂಚು ಹಿಡಿದು ಎತ್ತಿ. ನಾಣ್ಯದ ಅಂಗಡಿಯಲ್ಲಿ ನಡುವೆ ಕಿಟಕಿ ಇರುವ ರಟ್ಟಿನ ಹೋಲ್ಡರ್ ಸಿಗುತ್ತದೆ, ಹಾಫ್ ಅಳತೆ ಅಂತ ಕೇಳಿ, 30.6 ಮಿಲಿಮೀಟರ್. ಮೆತ್ತಗಿನ ಪಿವಿಸಿ ಕವರ್ ಬೇಡ, ಕೆಲವು ವರ್ಷದಲ್ಲಿ ನಾಣ್ಯಕ್ಕೆ ಹಸಿರು ಅಂಟು ಹಿಡಿಯುತ್ತದೆ.

1967ರ ಎರಡರಲ್ಲಿ ಒಂದನ್ನು ಮೊಮ್ಮಗನ ಹೆಸರು ಬರೆದು ಹೋಲ್ಡರ್‌ಗೆ ಹಾಕಿ. ಅದನ್ನು ಕಂಡದ್ದು ಅವನು.

ಅರಸೀಕೆರೆ ಕ್ಯಾಷಿಯರ್ ಬರೆದದ್ದು:

ಹೌದು, 994. ಬರೆಯುವಾಗ ತಪ್ಪಿದೆ, ಪುಸ್ತಕದಲ್ಲಿ ಸರಿಯಾಗೇ ಇದೆ. ರೋಲ್ ಸುತ್ತಿದ್ದು 49, ಬಿಡಿ 14. ಹೆಸರು ಬರೆಯುವ ಕೆಲಸ ಈ ಶನಿವಾರ ಅವನ ಕೈಯಲ್ಲೇ ಮಾಡಿಸುತ್ತೇನೆ.